ಮನೆಯ ತೊಟ್ಟಿಯಲ್ಲಿ ಕಡಲಿನ ಹವಳ

ಅರಸೀಕೆರೆಯ ಸೀಮೆಯವರಿಗೆ ಕಲ್ಲೆಂದರೆ ಹೊಸತೇನಲ್ಲ. ಮಾಲೇಕಲ್ಲಿನ ಮೆಟ್ಟಿಲುಗಳನ್ನೇರಿ ವೆಂಕಟರಮಣನ ದರ್ಶನ ಪಡೆದವರು ಅವರು. ಬೇಲೂರು ಹಳೇಬೀಡುಗಳಲ್ಲಿ ಬಳಪದ ಕಲ್ಲು ಬಳ್ಳಿಯಾಗಿ, ಬಳೆಯಾಗಿ, ಮದನಿಕೆಯ ಮುಗುಳುನಗೆಯಾಗಿ ಅರಳಿದುದನ್ನು ಎಳವೆಯಿಂದಲೂ ಕಂಡವರು. ಆದರೆ ರೂವಾರಿಯ ಉಳಿಯ ಹಂಗಿಲ್ಲದೆ ತನ್ನ ಕಲ್ಲನ್ನು ತಾನೇ ಕಟ್ಟಿಕೊಳ್ಳುವ ಪ್ರಾಣಿಯೊಂದು ಉಂಟೆಂದರೆ ಅವರಲ್ಲಿಯೂ ಅನೇಕರು ಹುಬ್ಬೇರಿಸಿಯಾರು. ಆ ಪ್ರಾಣಿಯೇ ಹವಳ.

ಹವಳವೆಂದೊಡನೆ ಗೃಹಿಣಿಯರಿಗೆ ಕೊರಳ ಸರದ ಕೆಂಪು ಮಣಿ ನೆನಪಾಗುವುದು ಸಹಜ. ಆ ಕೆಂಪು ಹವಳದ ಕುಲವೇ ಬೇರೆ. ಇಲ್ಲಿಯ ಪ್ರಸ್ತಾಪ ಕಲ್ಲುಹವಳಗಳನ್ನು, ಅವುಗಳಲ್ಲಿಯೂ ದೊಡ್ಡ ಪಾಲಿಪ್‌ಗಳುಳ್ಳ ಜಾತಿಗಳನ್ನು ಕುರಿತದ್ದು. ಪಾಲಿಪ್ ಎಂದರೆ ಒಂದು ಬಾಯಿ, ಅದರ ಸುತ್ತ ಬಳುಕುವ ಎಳೆಗೈಗಳು, ಕೆಳಗೆ ಕುಳಿತಿರಲು ಸುಣ್ಣಕಲ್ಲಿನ ಬಟ್ಟಲು. ಇಷ್ಟೇ ಅದರ ಸಂಸಾರ. ಅನೇಕ ಹವಳಗಳಲ್ಲಿ ಇದು ಸಾಸಿವೆ ಕಾಳಿನಷ್ಟು ಚಿಕ್ಕದು. ದೊಡ್ಡ ಪಾಲಿಪ್‌ನ ಜಾತಿಗಳಲ್ಲಿ ಅಂಗೈಯಗಲ ಬೆಳೆಯುವುದುಂಟು. ಲಕ್ಷದ್ವೀಪದ ಕಡಲಿನ ಅಣಬೆ ಹವಳದ ಒಂದೇ ಪಾಲಿಪ್ ಊಟದ ತಟ್ಟೆಯಷ್ಟಾಗುವುದೂ ಉಂಟು.

ಅಮೆರಿಕದಂತಹ ದೇಶಗಳಲ್ಲಿ ಪರವಾನಗಿಯೊಡನೆ ತರಿಸಿದ, ಇಲ್ಲವೇ ತೊಟ್ಟಿಯಲ್ಲಿಯೇ ಬೆಳೆಸಿದ ಹವಳಗಳನ್ನು ಅಂಗಡಿಯಲ್ಲಿ ಕೊಂಡು ಮನೆಯಲ್ಲಿಟ್ಟು ಸಾಕುತ್ತಾರೆ. ಅಲ್ಲಿ ನೆಲೆಸಿದ ಮಗನ ಮನೆಗೆ ಹೋಗಿ ಬಂದ ತಂದೆತಾಯಿಗಳು ಅಂತಹ ತೊಟ್ಟಿಯ ಚಿತ್ರವನ್ನು ತೋರಿಸಿದರೆ, ಊರಿನ ಮೊಮ್ಮಕ್ಕಳು ಸುಮ್ಮನಿರುವರೆ? “ಅಜ್ಜೀ, ನಮಗೂ ಒಂದು ಬೇಕು” ಎಂಬ ಹಟ ಹೊರಟೇ ಹೊರಡುತ್ತದೆ. ಬೇಕೆನ್ನುವ ಮುನ್ನ ಅದರ ಆರೈಕೆಯ ಪರಿಯನ್ನು ತಿಳಿಯುವುದು ಒಳ್ಳೆಯದು.

ಮೊದಲನೆಯದು ನೀರು. ಕೊಳವೆಬಾವಿಯ ಗಡಸು ನೀರು ಇದಕ್ಕೆ ಸಲ್ಲದು. ಅದರಲ್ಲಿ ಕರಗಿರುವುದನ್ನೆಲ್ಲ ಸೋಸಿ ತೆಗೆದು, ಬಳಿಕ ಕಡಲಿನ ಲವಣಗಳ ಮಿಶ್ರಣವನ್ನು ಕರಗಿಸಬೇಕು. ಒಂದು ಕಿಲೋಗ್ರಾಂ ಕಡಲನೀರಿನಲ್ಲಿ ಸುಮಾರು ೩೫ ಗ್ರಾಂ ಲವಣವಿರುತ್ತದೆ. ತೊಟ್ಟಿಯಲ್ಲಿಯೂ ಅಷ್ಟೇ ಇರತಕ್ಕದ್ದು. ಅಡುಗೆಯ ಉಪ್ಪಿನಿಂದ ಈ ಕೆಲಸವಾಗದು. ಒಲೆಯ ಮೇಲಿನ ಸಾರು ಬತ್ತಿದಂತೆ ಉಪ್ಪು ಏರುವುದಷ್ಟೆ? ತೊಟ್ಟಿಯ ನೀರು ಆವಿಯಾದಾಗಲೂ ಹಾಗೆಯೇ. ಆದುದರಿಂದ ದಿನದಿನವೂ ಕಡಮೆಯಾದಷ್ಟು ಶುದ್ಧವಾದ ಸಿಹಿನೀರನ್ನೇ ತುಂಬಬೇಕು. ಕಲ್ಲು ಕಟ್ಟಲು ಸುಣ್ಣದ ಅಂಶ ಬೇಕು. ಲೀಟರಿಗೆ ೪೦೦ರಿಂದ ೪೫೦ ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೇ, ನೀರಿನ ಕ್ಷಾರತೆ ಇಳಿದಿಲ್ಲವಷ್ಟೇ ಎಂದು ವಾರವಾರವೂ ಪರೀಕ್ಷಿಸುತ್ತಿರಬೇಕು.

ಎರಡನೆಯದು ಬೆಳಕು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ಬಾಡಿಗೆಯಿರುತ್ತವೆ. ಬೆಳಕಿನಲ್ಲಿ ಅವು ಅಟ್ಟ ಅಡುಗೆಯ ಬಹುಪಾಲು ಮನೆಯೊಡೆಯನಿಗೆ ಸಲ್ಲುತ್ತದೆ, ಬಾಡಿಗೆಯೆಂದರೆ ಅದೇ. ದೊಡ್ಡ ಪಾಲಿಪ್‌ನ ಜಾತಿಗಳಿಗೆ ಹಿತವಾದ ನಡುಬೆಳಕು ಸಾಕು. ನೀರಿನ ಓಟವೂ ಹದವಾಗಿರಬೇಕು. ಎಳೆಗೈಗಳು ಗಾಳಿಗೆ ಪೈರು ತೂಗುವಂತೆ ತೂಗಿದರೆ ಸರಿ, ನೇರವಾಗಿ ರಭಸದಿಂದ ಬಡಿದರೆ ಮೃದುವಾದ ಮೈ ತನ್ನದೇ ಕಲ್ಲಿನ ಅಂಚಿಗೆ ತಾಗಿ ಹರಿಯುತ್ತದೆ.

ದೀಪ ಆರಿದ ಮೇಲೆ ಈ ಪ್ರಾಣಿಯ ಇನ್ನೊಂದು ಗುಣ ಹೊರಬೀಳುತ್ತದೆ. ಕೈಗಳನ್ನು ಚಾಚಿ ಬೇಟೆಗೆ ಕಾಯುತ್ತದೆ. ಆಗ ವಾರಕ್ಕೊಂದೆರಡು ಬಾರಿ ಸೀಗಡಿಯ ಸಣ್ಣ ಚೂರನ್ನು ಕೊಟ್ಟರೆ ಮೆಲ್ಲನೆ ಬಾಯಿಗೆ ಒಯ್ಯುತ್ತದೆ. ಹೆಚ್ಚು ಕೊಟ್ಟರೆ ಕೊಳೆತು ನೀರು ಕೆಡುವುದು. ಹಗಲೆಲ್ಲ ಸಾಧುವಾಗಿದ್ದ ಕೆಲವು ಜಾತಿಗಳು ಇರುಳಿನಲ್ಲಿ ಉದ್ದನೆಯ ಚುಚ್ಚುಗೈಗಳನ್ನು ನೀಡಿ ನೆರೆಯ ಹವಳವನ್ನು ಸುಟ್ಟುಬಿಡುತ್ತವೆ. ಎರಡರ ನಡುವೆ ಗೇಣುದ್ದದ ಅಂತರವಿದ್ದರೇ ಕ್ಷೇಮ. ನೆರೆಹೊರೆಯ ಜಗಳ ಕಡಲಿನೊಳಗೂ ತಪ್ಪಿದ್ದಲ್ಲ!

ಎಲ್ಲಕ್ಕಿಂತ ಕಠಿಣವಾದುದು ಶಾಖ. ನೀರು ೨೪ರಿಂದ ೨೭ ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತಿರಬೇಕು. ಅರಸೀಕೆರೆಯ ಏಪ್ರಿಲ್ ಬಿಸಿಲಿನಲ್ಲಿ ತಣಿಸುವ ಯಂತ್ರವಿಲ್ಲದೆ ಇದು ಆಗದು; ಯಂತ್ರವಿದ್ದರೂ ಕರೆಂಟು ಹೋದರೆ ಏನು ಗತಿ? ನೀರು ಬಿಸಿಯಾದರೆ ಹವಳವು ತನ್ನ ಬಾಡಿಗೆದಾರ ಪಾಚಿಗಳನ್ನು ಹೊರಗಟ್ಟುತ್ತದೆ. ಬಣ್ಣ ಕಳೆದು ಬಿಳಿಯ ಕಲ್ಲು ಕಾಣಿಸುತ್ತದೆ. ಪಾಚಿ ಮರಳದಿದ್ದರೆ ಹಸಿವಿನಿಂದ ಸಾಯುತ್ತದೆ. ಕಡಲಿನಲ್ಲಿ ನಡೆದಿರುವುದೂ ಇದೇ. ಲಕ್ಷದ್ವೀಪದ ಹವಳಗಳು ೧೯೯೮ರಲ್ಲಿ, ೨೦೧೦ರಲ್ಲಿ, ೨೦೧೬ರಲ್ಲಿ, ಮತ್ತೆ ೨೦೨೪ರಲ್ಲಿ ಹೀಗೆ ಬೆಳ್ಳಗಾದವು. ವಾಡಿಕೆಯ ಬೇಸಗೆಗಿಂತ ಒಂದೇ ಡಿಗ್ರಿ ಹೆಚ್ಚಿನ ಶಾಖ ಕೆಲವು ವಾರ ನಿಂತರೂ ಸಾಕು, ಈ ಅನಾಹುತಕ್ಕೆ.

ಇಷ್ಟೆಲ್ಲ ಅರಿತು, ಹಣವನ್ನೂ ಸುರಿದು ಸಾಕುವೆನೆಂದರೂ ಭಾರತದಲ್ಲಿ ಅದಕ್ಕೆ ಅವಕಾಶವಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ೨೦೦೧ರಲ್ಲಿ ಕಲ್ಲುಹವಳಗಳೆಲ್ಲವೂ ಸೇರಿದವು. ಹುಲಿಗೆ ಸಲ್ಲುವ ರಕ್ಷಣೆಯೇ ಅವಕ್ಕೂ ಸಲ್ಲುತ್ತದೆ. ಕಡಲಿನಿಂದ ಕೀಳುವುದು, ಮಾರುವುದು, ಮನೆಯಲ್ಲಿಡುವುದು ಎಲ್ಲವೂ ಅಪರಾಧವೇ. ಶಿಕ್ಷೆ ೩ರಿಂದ ೭ ವರ್ಷಗಳ ಸೆರೆವಾಸ ಮತ್ತು ದಂಡ. ಪ್ರವಾಸದ ನೆನಪಿಗೆಂದು ದ್ವೀಪದಿಂದ ಸತ್ತ ಹವಳದ ತುಂಡನ್ನು ತರುವುದೂ ಸಲ್ಲದು. ಯಾವನಾದರೂ ಗುಟ್ಟಾಗಿ “ಜೀವಂತ ಬಂಡೆ” ಎಂದು ಮಾರಬಂದರೆ ಕೊಳ್ಳದಿರುವುದೇ ಜಾಣತನ. ದುಂಡಗೆ ಬೆಳೆಯುವ ಅನೇಕ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿ ಹಿಗ್ಗುತ್ತವೆ. ಉಳಿಯ ಒಂದೇ ಪೆಟ್ಟು ಮನುಷ್ಯನ ಅರ್ಧಾಯುಷ್ಯದ ದುಡಿಮೆಯನ್ನು ಕಿತ್ತುಬಿಡಬಲ್ಲದು.

ಹಾಗಾದರೆ ಮಗುವಿನ ಹಟಕ್ಕೆ ಏನು ಹೇಳುವುದು? ಉಪ್ಪುನೀರಿನ ತೊಟ್ಟಿಯೇ ಬೇಕೆಂದಾದರೆ ಅದರಲ್ಲಿ ಕೋಡಂಗಿ ಮೀನು ಇರಬಹುದು. ಇದನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಸಿದ್ಧಪಡಿಸಿದ್ದಾರೆ. ಬಂಡೆಯ ಬದಲಿಗೆ ಸುಟ್ಟ ಮಣ್ಣಿನ ಕಮಾನುಗಳು ಸಾಕು. ಹವಳವನ್ನೇ ಕಾಣಬೇಕೆಂಬ ಆಸೆ ಉಳಿದರೆ ಮುರುಡೇಶ್ವರದ ತೀರದಿಂದ ಸುಮಾರು ೧೯ ಕಿಲೋಮೀಟರ್ ದೂರದಲ್ಲಿ ನೇತ್ರಾಣಿಯಿದೆ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ತರಬೇತಾದವರ ಜೊತೆ ಅಲ್ಲಿ ನೀರಿಗಿಳಿದು ಜೀವಂತ ಹವಳವನ್ನು ನೋಡಿ ಬರಬಹುದು. ಹಳೇಬೀಡಿನ ಶಿಲ್ಪವನ್ನು ಯಾರೂ ಕಿತ್ತು ಮನೆಗೆ ತರುವುದಿಲ್ಲ. ಅದು ಇರುವಲ್ಲಿಗೇ ಹೋಗಿ ಕಣ್ತುಂಬ ನೋಡಿ ಬರುತ್ತಾರೆ. ಈ ಕಲ್ಲಿಗಂತೂ ಜೀವವೂ ಇದೆ.