ಸಣ್ಣ ಬಿಟ್‌ಗೆ ಇರುವೆ ನಡಿಗೆ ಬೇಡ

ತೇಗದ ಬಾಗಿಲಿನ ಮೇಲೆ ಬಳ್ಳಿಯ ಕೆತ್ತನೆ. ರೂಟರ್ ಯಂತ್ರದಲ್ಲಿ ಸಿಕ್ಕಿಸಿರುವುದು 3 ಮಿಲಿಮೀಟರ್ ದಪ್ಪದ ಬಿಟ್. ಎಲ್ಲಿ ಮುರಿದೀತೋ ಎಂದು ಬಡಗಿ ಯಂತ್ರವನ್ನು ಇರುವೆಯಂತೆ ಸರಿಸುತ್ತಾನೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ, ಗೆರೆಯ ಅಂಚಿನಲ್ಲಿ ಮಸಿ, ಆಮೇಲೆ ಬಿಟ್ಟೇ ಎರಡು ತುಂಡು. ಬಿಟ್ ಮಾರಿದ ಅಂಗಡಿಯವನಿಗೆ ಬೈಗುಳ. ತಪ್ಪು ಅನೇಕ ಸಲ ಅಂಗಡಿಯವನದಲ್ಲ, ಆ ಇರುವೆ ನಡಿಗೆಯದು.

ಕೀಸುಳಿಯಂತೆ ಬಿಟ್ ಕೂಡ ಚಕ್ಕೆ ಎಬ್ಬಿಸಬೇಕು. ಹುಟ್ಟಿದ ಶಾಖದ ಒಂದು ಪಾಲನ್ನು ಹೊತ್ತೊಯ್ಯುವುದು ಆ ಚಕ್ಕೆಯೇ. ಎರಡು ಅಲಗಿನ ಬಿಟ್ ನಿಮಿಷಕ್ಕೆ 18,000 ಸುತ್ತು ತಿರುಗಿದರೆ ಮರವನ್ನು 36,000 ಸಲ ಕಚ್ಚುತ್ತದೆ. ನಿಮಿಷಕ್ಕೆ 300 ಮಿಲಿಮೀಟರ್ ಮಾತ್ರ ಸರಿಸಿದರೆ ಒಂದು ಕಚ್ಚಿಗೆ ಸಿಗುವುದು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಅದು ಕಡಿತವಲ್ಲ, ಬರೀ ಉಜ್ಜಾಟ. 1,800 ಮಿಲಿಮೀಟರ್, ಅಂದರೆ ಸೆಕೆಂಡಿಗೆ 3 ಸೆಂಟಿಮೀಟರ್ ಸರಿಸಿದರೆ ಕಚ್ಚಿಗೆ 0.05 ಮಿಲಿಮೀಟರ್ ದಕ್ಕುತ್ತದೆ. ಗಟ್ಟಿ ಮರದಲ್ಲಿ ಇಂಥ ಬಿಟ್ ಶುರುಮಾಡಲು ಅಷ್ಟು ಸಾಕು.

ಬಳ್ಳಿಯ ತಿರುವುಗಳಲ್ಲಿ ಕೈ ಅಷ್ಟು ಚುರುಕಾಗಿ ಓಡದು, ನಿಜ. ಆಗ ಯಂತ್ರದ ಸುತ್ತನ್ನೇ 10,000ಕ್ಕೆ ಇಳಿಸಿ, ನಿಮಿಷಕ್ಕೆ ಒಂದು ಮೀಟರ್ ಸರಿಸಿದರಾಯಿತು. ಚಕ್ಕೆ ಅಷ್ಟೇ ದಪ್ಪ. 'ಸಣ್ಣ ಬಿಟ್‌ಗೆ ಪೂರ್ಣ ವೇಗ' ಎಂಬ ಮಾತು ಕಟ್ಟಳೆಯಲ್ಲ, ಬರೀ ಅನುಮತಿ. 50 ಮಿಲಿಮೀಟರ್ ಬಿಟ್‌ನ ಅಂಚು 10,000 ಸುತ್ತಿನಲ್ಲೇ ಸೆಕೆಂಡಿಗೆ 26 ಮೀಟರ್ ಓಡುತ್ತದೆ, ಅದನ್ನು ತಡೆಯಲೇಬೇಕು. 3 ಮಿಲಿಮೀಟರಿನದು 24,000ದಲ್ಲೂ ನಾಲ್ಕು ಮೀಟರ್ ಮುಟ್ಟುವುದಿಲ್ಲ.

ಹಾಗಾದರೆ ಮುರಿಯುವ ಭಯ? ಅದೂ ಸುಳ್ಳಲ್ಲ. ದಪ್ಪ ಅರ್ಧವಾದರೆ ಬಿಟ್ ಅದೇ ಒತ್ತಡಕ್ಕೆ 16 ಪಟ್ಟು ಬಾಗುತ್ತದೆ. ಹೊರಚಾಚಿದ ಉದ್ದ ಎರಡರಷ್ಟಾದರೆ ಎಂಟು ಪಟ್ಟು. ಇದಕ್ಕೆ ಮದ್ದು ಆಳ ಕಡಿಮೆ ಮಾಡುವುದು, ನಡಿಗೆಯನ್ನಲ್ಲ. 6 ಮಿಲಿಮೀಟರ್ ಗೆರೆಯನ್ನು ಒಂದೇ ಏಟಿಗೆ ತೋಡದೆ ನಾಲ್ಕು ಸರದಿಯಲ್ಲಿ ತೋಡಬೇಕು. ಬಿಟ್ ಬೇಕಾದಷ್ಟೇ ಹೊರಗಿರಲಿ. ಮುರಿದ ಚೂರು ಹಾರುವ ವೇಗ ನೆನೆದರೆ ಕನ್ನಡಕದ ಮಾತು ಬೇರೆ ಹೇಳಬೇಕಿಲ್ಲ.

ತೇಗದ್ದು ಇನ್ನೊಂದು ತಕರಾರು. ಅದರೊಳಗಿನ ಸಿಲಿಕಾ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಮೊಂಡಾದ ಅಲಗಿಗೆ ತೆಳು ಚಕ್ಕೆ ಎಬ್ಬಿಸಲಾಗದು. ಇಲ್ಲಿ ಕಾರ್ಬೈಡ್ ಬಿಟ್‌ಗೆ ಕೊಟ್ಟ ಹೆಚ್ಚಿನ ದುಡ್ಡು ದಂಡವಲ್ಲ.

ಕಂಪ್ಯೂಟರ್ ನಡೆಸುವ ಯಂತ್ರವೂ ಮೂಲೆ ಬಂದಾಗ ನಿಧಾನಿಸುತ್ತದೆ, ಸುತ್ತು ಮಾತ್ರ ಇಳಿಯುವುದಿಲ್ಲ. ಎಂಡಿಎಫ್ ಜಾಲಿಗಳ ಮೂಲೆಗಳೇ ಮೊದಲು ಕಪ್ಪಾಗುವುದು ಇದರಿಂದ. ಎಂಡಿಎಫ್ ಹೇಗೂ ಹುಡಿಯನ್ನೇ ಉದುರಿಸುವುದರಿಂದ ಅಲ್ಲಿ ವಾಸನೆಯೇ ಸಾಕ್ಷಿ. ಮರದಲ್ಲಾದರೆ ಒಂದು ಚೂರು ಹಲಗೆಯ ಮೇಲೆ ಗೆರೆ ಎಳೆದು, ಉದುರಿದ್ದನ್ನು ಬೆರಳಲ್ಲಿ ತಿಕ್ಕಿ ನೋಡಬೇಕು: ಹಿಟ್ಟಿನಂತಿದ್ದರೆ ನಡಿಗೆ ಹೆಚ್ಚಿಸಿ ಇಲ್ಲವೇ ಸುತ್ತು ಇಳಿಸಿ, ಇನ್ನೊಂದು ಗೆರೆ.