ಬಾನುಲಿ ಯಾರಪ್ಪನ ಸೊತ್ತು?

ಜನರು ಯಾವ ಸಂಗೀತವನ್ನು ಕೇಳಬೇಕೆಂಬುದನ್ನು ತೀರ್ಮಾನಿಸುವವರು ಯಾರು? ಸರ್ಕಾರವೋ, ಸಾಹುಕಾರನೋ, ಜನರೋ? ಇಂಗ್ಲೆಂಡಿನ ಜೈಲ್ಸ್ ಪೀಟರ್ಸನ್ನರ ನಾಲ್ಕು ದಶಕಗಳ ಕಸುಬಿನ ಚರಿತ್ರೆಯನ್ನು ನೋಡಿದವರಿಗೆ ಈ ಪ್ರಶ್ನೆಯ ಉತ್ತರಕ್ಕಾಗಿ ದೊಡ್ಡ ಗ್ರಂಥಗಳನ್ನು ತಿರುವಿಹಾಕುವ ಅಗತ್ಯ ಬೀಳದು. ಅವರದು ಡಿಜೆ ಕಸುಬು; ಎಂದರೆ ಕುಣಿತದ ಕೂಟಗಳಲ್ಲಿ ಹಾಡಿನ ತಟ್ಟೆಗಳನ್ನು ಆರಿಸಿ ನುಡಿಸುವ ಕೆಲಸ. ಅಲ್ಲಿಂದ ಬಾನುಲಿಗೆ, ಬಾನುಲಿಯಿಂದ ಸಂಗೀತೋತ್ಸವಗಳ ಸ್ಥಾಪನೆಗೆ ಅವರು ನಡೆದರು.

1964ರಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ಹುಟ್ಟಿದ ಅವರು ಬೆಳೆದುದು ಲಂಡನ್ನಿನ ದಕ್ಷಿಣ ಭಾಗದಲ್ಲಿ. ಬ್ರಿಟನ್ನಿನಲ್ಲಿ 1973ರವರೆಗೆ ಬಾನುಲಿಯೆಂದರೆ ಬಿ.ಬಿ.ಸಿ. ಒಂದೇ. ಹಡಗುಗಳ ಮೇಲಿಂದ ಹಾಡು ಬಿತ್ತರಿಸುತ್ತಿದ್ದವರನ್ನು 1967ರ ಕಾಯಿದೆ ಅಡಗಿಸಿತ್ತು. ಮುಂದೆ ಜಾಹೀರಾತಿನ ನಿಲಯಗಳು ಬಂದರೂ ಕಪ್ಪು ಜನರ ಸೋಲ್ ಹಾಗೂ ಜಾಝ್ ಸಂಗೀತಕ್ಕೆ ದೊರೆತದ್ದು ಮೂಲೆಯ ಜಾಗ ಮಾತ್ರ. ಆಗ ಈ ಹುಡುಗ ಹಿತ್ತಲಿನ ಗುಡಿಸಲಿನಲ್ಲಿ ಪ್ರಸಾರ ಯಂತ್ರವನ್ನಿಟ್ಟು ಹಾಡು ಬಿತ್ತರಿಸಿದ. ಬಳಿಕ ರೇಡಿಯೋ ಇನ್ವಿಕ್ಟಾ ಎಂಬ, ಅದೂ ಪರವಾನಗಿ ಇಲ್ಲದ, ನಿಲಯವನ್ನು ಸೇರಿದ. ಕಾನೂನು ಇವರನ್ನು ಕಡಲ್ಗಳ್ಳರೆಂದು ಕರೆಯಿತು. ಆಕಾಶಕ್ಕೆ ಬೀಗ ಹಾಕಿದವನು ದೊರೆ, ಕಿಟಕಿ ತೆರೆದವನು ಕಳ್ಳ! ಇದೆಂಥ ನ್ಯಾಯ?

ಜನಪ್ರಿಯತೆ ಬಂದೊಡನೆ ಬಂಡವಾಳವೂ ಹಿಂದೆಯೇ ಬಂದಿತು. 1987ರಲ್ಲಿ ಎಡ್ಡಿ ಪಿಲ್ಲರ್ ಅವರೊಡನೆ 'ಆ್ಯಸಿಡ್ ಜಾಝ್' ಎಂಬ ಮುದ್ರಣ ಸಂಸ್ಥೆಯನ್ನು ಕಟ್ಟಿದ ಪೀಟರ್ಸನ್, 1990ರಲ್ಲಿ ದೊಡ್ಡ ಕಂಪನಿಯೊಂದರ ಆಶ್ರಯದಲ್ಲಿ 'ಟಾಕಿನ್ ಲೌಡ್' ಆರಂಭಿಸಿದರು. ಪರವಾನಗಿಯುಳ್ಳ ಜಾಝ್ ಎಫ್.ಎಂ. ನಿಲಯದಲ್ಲಿಯೂ ಅವರಿಗೆ ಸ್ಥಾನ ದೊರೆಯಿತು. ಆದರೆ 1991ರ ಕೊಲ್ಲಿ ಯುದ್ಧದ ವೇಳೆ ಅವರು ಶಾಂತಿಯ ಪರವಾದ ಹಾಡುಗಳನ್ನು ನುಡಿಸಿದಾಗ ಅದೇ ನಿಲಯ ಅವರನ್ನು ಹೊರಹಾಕಿತು. ವಾಚಕರು ಇದನ್ನು ಗಮನಿಸಬೇಕು. ಲಾಭ ತರುವ ತನಕ ಹಾಡು ಕಲೆ. ಯುದ್ಧ ಬೇಡವೆಂದ ಕ್ಷಣದಲ್ಲಿ ಅದು ಅಪರಾಧ.

ಹಾಗಾದರೆ ಅವರಿಗೆ ದೀರ್ಘಕಾಲ ನೆಲೆ ನೀಡಿದ್ದು ಯಾವುದು? ಮನೆಮನೆಯವರು ತೆರುವ ಶುಲ್ಕದಿಂದ ನಡೆಯುವ ಬಿ.ಬಿ.ಸಿ. ಹಿಂದೆ ಬಾಗಿಲು ಮುಚ್ಚಿದ್ದ ಅದೇ ಸಂಸ್ಥೆ 1998ರಲ್ಲಿ ತನ್ನ ರೇಡಿಯೋ ಒಂದರಲ್ಲಿ ಅವರಿಗೆ ಅವಕಾಶ ಕೊಟ್ಟಿತು. 2012ರಲ್ಲಿ ಅವರು 6 ಮ್ಯೂಸಿಕ್ ನಿಲಯಕ್ಕೆ ಬಂದರು. 2010ರಲ್ಲಿ ಈ ನಿಲಯವನ್ನೇ ಮುಚ್ಚಲು ಅಧಿಕಾರಿಗಳು ಹೊರಟಿದ್ದರು. ಕೇಳುಗರು ಬೀದಿಗಿಳಿದರು, ಮನವಿಗಳನ್ನು ಕಳುಹಿಸಿದರು, ನಿಲಯ ಉಳಿಯಿತು. ಸಾರ್ವಜನಿಕ ಸಂಸ್ಥೆ ತಾನಾಗಿಯೇ ಜನರದಾಗುವುದಿಲ್ಲ. ಜನರು ಹಟ ಹಿಡಿದಾಗ ಆಗುತ್ತದೆ.

ಇನ್ನು ಉತ್ಸವಗಳ ಮಾತು. 2006ರಲ್ಲಿ ಫ್ರಾನ್ಸಿನ ಬಂದರು ಪಟ್ಟಣ ಸೆಟ್‌ನಲ್ಲಿ 'ವರ್ಲ್ಡ್‌ವೈಡ್' ಉತ್ಸವ. 2019ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಷೈರ್‌ನಲ್ಲಿ 'ವಿ ಔಟ್ ಹಿಯರ್'. ಈ ಎರಡನೆಯದು 2023ರಲ್ಲಿ ಡಾರ್ಸೆಟ್‌ಗೆ ಸ್ಥಳಾಂತರವಾಯಿತು. ಲಂಡನ್ನಿನ ತರುಣ ಜಾಝ್ ಕಲಾವಿದರ ಸಂಗೀತವನ್ನು ಒಟ್ಟುಗೂಡಿಸಿ ಪೀಟರ್ಸನ್ನರ ಸಂಸ್ಥೆ 2018ರಲ್ಲಿ ಹೊರತಂದ ಸಂಕಲನದ ಹೆಸರನ್ನೇ ಈ ಉತ್ಸವಕ್ಕೆ ಇಡಲಾಯಿತು. ಈ ತರುಣರನ್ನು ಕಂಡುಹಿಡಿದವರು ಪೀಟರ್ಸನ್ ಎಂದು ಹೊಗಳುವವರುಂಟು. ನಾವು ಅಷ್ಟಕ್ಕೇ ತೃಪ್ತರಾಗತಕ್ಕದ್ದಲ್ಲ. ನೂಬಿಯಾ ಗಾರ್ಸಿಯಾ, ಮೋಸಸ್ ಬಾಯ್ಡ್ ಮೊದಲಾದವರು 'ಟುಮಾರೋಸ್ ವಾರಿಯರ್ಸ್' ಎಂಬ ಶಾಲೆಯಲ್ಲಿ ಪಳಗಿದವರು. ಗ್ಯಾರಿ ಕ್ರಾಸ್ಬಿ ಮತ್ತು ಜನೀನ್ ಐರನ್ಸ್ 1991ರಲ್ಲಿ ಕಟ್ಟಿದ ಆ ಸಂಸ್ಥೆ, ಬಡ ಮನೆಯ ಮಕ್ಕಳಿಗೂ ವಾದ್ಯ ಕೈಗೆಟಕಲೆಂದು ಶುಲ್ಕವಿಲ್ಲದೆ ಕಲಿಸಿತು. ಬಿತ್ತಿದವರು ಅವರು; ಬೆಳೆಯನ್ನು ಸಂತೆಗೆ ತಂದವರು ಇವರು. ಸಂತೆಗೆ ತರುವುದೂ ಉಪಕಾರವೇ. ಆದರೆ ಸಂತೆಯ ಬಾಗಿಲಲ್ಲಿ ಟಿಕೇಟು ಉಂಟು; ಜೇಬಿನಲ್ಲಿ ಕಾಸಿಲ್ಲದವನು ಬೇಲಿಯ ಆಚೆಯೇ ನಿಲ್ಲಬೇಕು. ಕಳ್ಳ ಬಾನುಲಿಯನ್ನು ಕೇಳಲು ಅವನು ಏನನ್ನೂ ತೆರಬೇಕಾಗಿರಲಿಲ್ಲ.

ಲಂಡನ್ನಿನ ಕಥೆ ನಮಗೇಕೆ ಎನ್ನುವವರಿಗೆ ಒಂದು ಮಾತು. ಬಾನುಲಿಯ ಅಲೆಗಳು ಸಾರ್ವಜನಿಕ ಸ್ವತ್ತೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಪಿತ್ತಿತು. ಅನಂತರ ಸರ್ಕಾರ ಮೊದಲು ಮಾಡಿದ್ದು ಅಲೆಗಳ ಹರಾಜು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ನಡೆಸಿದ ಹಳ್ಳಿಗರಿಗೆ ಗಾಳಿಯಲ್ಲಿ ಮಾತನಾಡಲು ಅನುಮತಿ ಇರಲಿಲ್ಲ. ಅವರು ಕೇಬಲ್ ತಂತಿಯ ಮೂಲಕ ತಮ್ಮ ಮಾತನ್ನು ಮನೆಗಳಿಗೆ ಮುಟ್ಟಿಸಿದರು. ಜನಸಂಘಟನೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದುದು 2006ರಲ್ಲಿ. ಹಿತ್ತಲಿನ ಗುಡಿಸಲಿನ ಆ ಹುಡುಗನೂ ಬೂದಿಕೋಟೆಯ ಹೆಂಗಸರೂ ಕೇಳಿದ್ದು ಒಂದೇ: ನಮ್ಮ ದನಿಗೂ ಒಂದಿಷ್ಟು ಗಾಳಿ ಕೊಡಿ.

ಆ ಗಾಳಿ ಹರಾಜಿನ ಸರಕಲ್ಲ, ಮಂತ್ರಿಗಳ ದಾನವೂ ಅಲ್ಲ. ಅದು ಜನರ ಹಕ್ಕು. ಹಕ್ಕನ್ನು ಬೇಡಿ ಪಡೆದವರಿಲ್ಲ, ಸಂಘಟಿತರಾಗಿ ಪಡೆದವರುಂಟು.