ಪದವು ಖಾಲಿ ಜಾಗವಲ್ಲ

2019ರ ಮೇ ತಿಂಗಳಲ್ಲಿ ನೇತ್ರಾವತಿ ಸೊರಗಿತ್ತು. ಬಂಟ್ವಾಳ ತಾಲೂಕಿನ ತುಂಬೆ ಅಣೆಕಟ್ಟೆಯನ್ನೇ ನಂಬಿದ ಮಂಗಳೂರಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಅದೇ ವರ್ಷ ಆಗಸ್ಟ್ 9ರಂದು ಬೆಳ್ತಂಗಡಿ ತಾಲೂಕಿನಲ್ಲಿ ಘಟ್ಟದ ಗುಡ್ಡಗಳು ಜರಿದವು. ಮೃತ್ಯುಂಜಯ ನದಿ ಉಕ್ಕಿ ಚಾರ್ಮಾಡಿಯ ಕೊಳಂಬೆಯಲ್ಲಿ ಗದ್ದೆ, ತೋಟಗಳ ಮೇಲೆ ಮರಳು ಹರಡಿತು. ಬರಕ್ಕೂ ನೆರೆಗೂ ನಾವು ಪರಿಹಾರದ ಲೆಕ್ಕ ಹಾಕಿದೆವು. ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುವ ಜಾಗಗಳು ಎಷ್ಟು ಉಳಿದಿವೆ ಎಂಬ ಲೆಕ್ಕವನ್ನು ಮಾತ್ರ ಹಾಕಲಿಲ್ಲ.

ನಮ್ಮಲ್ಲಿ ತೀರ್ಮಾನಗಳು ನಡೆಯುವ ಕ್ರಮವೇ ತಲೆಕೆಳಗಾಗಿದೆ. ಮೊದಲು ಯೋಜನೆ ಬರುತ್ತದೆ, ಆಮೇಲೆ ಅದಕ್ಕೆ ಜಾಗ, ಕಟ್ಟಕಡೆಗೆ ಅಲ್ಲಿ ಉರುಳಬೇಕಾದ ಮರಗಳ ಎಣಿಕೆ. ಪುಂಜಾಲಕಟ್ಟೆ–ಚಾರ್ಮಾಡಿ ರಸ್ತೆಯನ್ನು ಅಗಲ ಮಾಡಹೊರಟದ್ದೂ, ಮೂಡುಬಿದಿರೆಯ ಮೂಲಕ ಹೋಗುವ ಹೆದ್ದಾರಿಯನ್ನು ಚತುಷ್ಪಥ ಮಾಡಹೊರಟದ್ದೂ ಹೀಗೆಯೇ. 2013ರಲ್ಲಿ ಮೂಡುಬಿದಿರೆ ಸಮೀಪದ ನಿಡ್ಡೋಡಿಗೆ 4000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಬರುತ್ತದೆ ಎಂದಾಗ, ಅಲ್ಲಿ ಬೆಳೆಯುವ ಭೂಮಿಯಿದೆ, ನೀರಿದೆ, ಮನೆಗಳಿವೆ ಎಂದು ಜನರೇ ಬೀದಿಗಿಳಿದು ಹೇಳಬೇಕಾಯಿತು. ಸ್ಥಾವರ ಬರಲಿಲ್ಲ. ಆದರೆ ಪ್ರತಿ ಊರೂ ಪ್ರತಿ ಸಲವೂ ಬೀದಿಗಿಳಿದು ಗೆಲ್ಲಲಾರದು.

ಇದಕ್ಕೆ ಎದುರಾದ ತಪ್ಪೂ ನಡೆದಿದೆ. ಪಶ್ಚಿಮ ಘಟ್ಟದ ಕುರಿತ ಕಸ್ತೂರಿರಂಗನ್ ವರದಿ ಬೆಳ್ತಂಗಡಿಯ 17 ಗ್ರಾಮಗಳನ್ನು ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಸೇರಿಸಿತು. ಉಪಗ್ರಹ ಚಿತ್ರ ನೋಡಿ ಗುರುತು ಮಾಡಿ, ಇಡೀ ಗ್ರಾಮವನ್ನೇ ಒಂದು ಘಟಕವೆಂದು ಹಿಡಿದದ್ದರಿಂದ, ಯಾವ ಗುಡ್ಡಕ್ಕೆ ನಿರ್ಬಂಧ, ಯಾರ ತೋಟಕ್ಕೆ ವಿನಾಯಿತಿ ಎಂಬುದು ಕೃಷಿಕರಿಗೆ ತಿಳಿಯಲಿಲ್ಲ. 2014ರಿಂದ 2024ರ ಜುಲೈವರೆಗೆ ಕರಡು ಅಧಿಸೂಚನೆ ಮತ್ತೆ ಮತ್ತೆ ಹೊರಟಿತು, ವಿರೋಧವೂ ಮತ್ತೆ ಮತ್ತೆ ಎದ್ದಿತು. ವರದಿಯ ಆಶಯ ಸರಿಯಾದದ್ದೇ ಎಂದು ನಾನು ನಂಬುತ್ತೇನೆ. ಊರಿನವರ ಜೊತೆ ಕೂತು ಗಡಿ ಹಾಕದಿದ್ದುದು ಅದರ ಸೋಲು.

ಇನ್ನೊಂದು ಮಾತಿದೆ. ಕಾಪಾಡುವ ವಿಷಯ ಬಂದಾಗಲೆಲ್ಲ ನಮ್ಮ ಕಣ್ಣು ಕುದುರೆಮುಖದ ಕಡೆಗೇ ಹೋಗುತ್ತದೆ. ಅಲ್ಲಿಗೆ 1987ರಿಂದ ರಾಷ್ಟ್ರೀಯ ಉದ್ಯಾನದ ರಕ್ಷಣೆಯಿದೆ; ಸುಪ್ರೀಂ ಕೋರ್ಟಿನ ತೀರ್ಪಿನಿಂದಾಗಿ 2005ರ ಕೊನೆಗೆ ಅದಿರು ಗಣಿಗಾರಿಕೆಯೂ ನಿಂತಿತು. ಘಟ್ಟದ ಕೆಳಗಿನ ಪದವುಗಳಿಗೆ, ಅಂದರೆ ಚಪ್ಪಟೆ ನೆತ್ತಿಯ ಕೆಂಪುಕಲ್ಲಿನ ಗುಡ್ಡಗಳಿಗೆ, ಯಾರ ರಕ್ಷಣೆಯಿದೆ? ಬೇಸಿಗೆಯಲ್ಲಿ ನೋಡಿದರೆ ಪದವೆಂದರೆ ಕಾದ ಕೆಂಪುಕಲ್ಲು, ಒಣಗಿದ ಮುಳಿಹುಲ್ಲು. ಮಳೆ ಹಿಡಿದು ಒಂದೆರಡು ತಿಂಗಳಾದ ಮೇಲೆ ಹೋಗಿ ನೋಡಬೇಕು. ಕಲ್ಲಿನ ತಗ್ಗುಗಳಲ್ಲಿ ತೆಳ್ಳಗೆ ನೀರು ನಿಂತಿರುತ್ತದೆ. ಅದರಲ್ಲಿ ಕಪ್ಪೆಮರಿಗಳು, ಅಂಚಿನಲ್ಲಿ ಬೆರಳೆತ್ತರದ ನೀಲಿ ಹೂಗಳ ಹಾಸು. ಆ ನೀರು ಕೆಂಪುಕಲ್ಲಿನ ತೂತುಗಳಲ್ಲಿ ಇಳಿದು ಇಳಿದು ಕೆಳಗಿನ ತೋಡಿಗೆ, ಬಾವಿಗೆ, ಅಡಿಕೆ ತೋಟಕ್ಕೆ ಸಲ್ಲುತ್ತದೆ. ಬಂಟ್ವಾಳ ತಾಲೂಕಿನ ಮಾಣಿಲದಲ್ಲಿ ಗುಡ್ಡ ಕೊರೆದ ಸುರಂಗಗಳಿಂದ ಇಂದಿಗೂ ನೀರು ಹರಿಯುವುದು ಗುಡ್ಡದ ನೆತ್ತಿ ಮಳೆ ಕುಡಿಯುವುದರಿಂದಲೇ.

ದಾಖಲೆಯಲ್ಲಿ ಇಂಥ ಎಷ್ಟೋ ಪದವುಗಳು ಬರಿದೇ ಸರಕಾರಿ ಜಾಗ. ಹಾಗಾಗಿ ಎಲ್ಲದಕ್ಕೂ ಅದೇ ಬೇಕು: ನಿವೇಶನಕ್ಕೆ, ಕೆಂಪುಕಲ್ಲಿನ ಕೋರೆಗೆ, ಕಸಕ್ಕೆ. ಬಂಟ್ವಾಳ ಪುರಸಭೆಯ ತ್ಯಾಜ್ಯ ಘಟಕಕ್ಕೆ ಜಾಗ ಸಿಕ್ಕಿದ್ದು ಸಜಿಪನಡುವಿನ ಕಂಚಿನಡ್ಕಪದವಿನಲ್ಲಿ; ಅಲ್ಲಿನವರ ವಿರೋಧ ವರ್ಷಗಟ್ಟಲೆ ನಡೆಯಿತು. ಕಲ್ಲು ತೆಗೆದ ಹೊಂಡಗಳನ್ನು ಹಾಗೆಯೇ ಬಿಟ್ಟು ಹೋಗುತ್ತಾರೆ. ಮಳೆಗಾಲದಲ್ಲಿ ಅವುಗಳಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ಜಿಲ್ಲೆ ಎಷ್ಟು ಸಲ ಓದಿಲ್ಲ!

ಕೆಂಪುಕಲ್ಲಿಲ್ಲದೆ ಮನೆ ಕಟ್ಟುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಕೋರೆಯ ಕೂಲಿಯಿಂದ ಬದುಕುವ ಸಂಸಾರಗಳಿವೆ. ಕುಮ್ಕಿಯ ಪ್ರಶ್ನೆಯೂ ಹೀಗೆಯೇ ಗಂಟಾಗಿದೆ. ವರ್ಗ (ಪಟ್ಟಾ) ಜಮೀನಿನ ಅಂಚಿನ ನೂರು ಗಜದಲ್ಲಿ ಸೊಪ್ಪು, ಸೌದೆ ತರಲು ಇದ್ದ ಸವಲತ್ತಿನ ಕಾಡು ಎಷ್ಟೋ ಕಡೆ ರಬ್ಬರ್ ತೋಟವಾಗಿದೆ. ಅದನ್ನು ನೆಚ್ಚಿಕೊಂಡ ಸಣ್ಣ ಹಿಡುವಳಿದಾರನನ್ನು ಎಬ್ಬಿಸಿ ಕಾಡು ಬೆಳೆಸುತ್ತೇವೆ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಎಲ್ಲಿ ಕಡಿಯಬಾರದು ಎಂದು ಮೊದಲೇ ಗೊತ್ತಿದ್ದರೆ ಎಲ್ಲಿ ಕಡಿಯಬಹುದು ಎಂಬುದೂ ಜಗಳವಿಲ್ಲದೆ ತೀರ್ಮಾನವಾಗುತ್ತದೆ. ಹೊಂಡ ಮುಚ್ಚುವ ಠೇವಣಿ ಕಟ್ಟಿದವನಿಗೆ ಮಾತ್ರ ಕೋರೆಯ ಪರವಾನಗಿ ಕೊಡಬಹುದು.

ಅಪಾಯ ಎಲ್ಲ ಕಡೆ ಒಂದೇ ಅಲ್ಲ. ಬೆಳ್ತಂಗಡಿಯ ಭಯ ಇಳಿಜಾರನ್ನು ಕಡಿಯುವುದರಲ್ಲಿದೆ. ಬಂಟ್ವಾಳದ್ದು ಹೊಳೆಯ ಮರಳು, ಕಪ್ಪುಕಲ್ಲಿನ ಕೋರೆ. ಅಲ್ಲಿನ ದೇವಸ್ಥಾನವಿರುವ ಕಾರಿಂಜದ ಬೆಟ್ಟದ ಸುತ್ತಲಿನ ಗಣಿಗಾರಿಕೆ ವಿರುದ್ಧ ಭಕ್ತರೇ ಪ್ರತಿಭಟಿಸಿದರು. ಮೂಡುಬಿದಿರೆಯಲ್ಲಿ ಪೇಟೆ ಬೆಳೆಯುವ ವೇಗ, ಹಳೆಯ ಕೆರೆಗಳಿಗೆ ನೀರು ತರುವ ತೋಡುಗಳ ಮೇಲಿನ ಒತ್ತಡ. ಜಿಲ್ಲೆಗೆಲ್ಲ ಒಂದೇ ಕಡತ ಮಾಡಿದರೆ ಇವು ಯಾವುದಕ್ಕೂ ಮದ್ದು ಸಿಗುವುದಿಲ್ಲ.

ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತ್‌ನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಹಸಿರು ನ್ಯಾಯಮಂಡಳಿ ಇದಕ್ಕೆ 2020ರ ಜನವರಿ 31ರ ಗಡುವನ್ನೂ ಕೊಟ್ಟಿತ್ತು. ಆ ದಾಖಲಾತಿಗೆ ಗಿಡಗಳ ಪಟ್ಟಿಯ ಜೊತೆ ಒಂದು ನಕ್ಷೆಯೂ ಸೇರಲಿ. ಪದವು, ನಾಗಬನ, ಮದಕ, ತೋಡಿನ ದಡ, ಕಡಿದಾದ ಗುಡ್ಡ ಎಲ್ಲವೂ ಸರ್ವೆ ನಂಬರಿನ ಸಮೇತ ಅದರಲ್ಲಿರಲಿ. ಬಡಾವಣೆಗೋ ಕೋರೆಗೋ ಅರ್ಜಿ ಬಂದಾಗ ಪಂಚಾಯತ್ ಮೊದಲು ಆ ನಕ್ಷೆಯನ್ನು ತೆರೆಯಲಿ.

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ತಾಲೂಕುಗಳ ಓದುಗರಲ್ಲಿ ಒಂದು ವಿನಂತಿ: ಮುಂದಿನ ಗ್ರಾಮಸಭೆಗೆ ಹೋಗಿ, ನಿಮ್ಮ ಗ್ರಾಮದ ದಾಖಲಾತಿಯನ್ನು ತೋರಿಸಲು ಕೇಳಿ. ನಿಮ್ಮ ಬಾವಿಗೆ ನೀರು ಕೊಡುವ ಗುಡ್ಡ ಅದರಲ್ಲಿ ಇಲ್ಲದಿದ್ದರೆ, ಸೇರಿಸದೆ ಸಭೆ ಮುಗಿಯಲು ಬಿಡಬೇಡಿ.